ಯಾರ್ಯಾರು ಎಷ್ಟೆಷ್ಟು ಕೊಟ್ಟರು?

ಮನೆ ಕಟ್ಟಿ ಮುಗಿದ ಮೇಲೆ ಕಾಕಾ ನನ್ನ ಹತ್ತಿರ ಕೇಳಿದ್ದು ಒಂದೇ. "ತಮ್ಮಾ, ಯಾರ್ಯಾರು ಎಷ್ಟೆಷ್ಟು ಕೊಟ್ಟಾರ, ಒಂದು ಹಾಳ್ಯಾಗ ಬರದು ಕೊಡು."

ನಾನು ನಕ್ಕುಬಿಟ್ಟೆ. ಅವರೆಲ್ಲ ನನ್ನ ಆಫೀಸಿನವರು ಕಾಕಾ, ಯಾರೂ ವಾಪಸ್ ಬರುತ್ತೆ ಅಂತ ಕೊಟ್ಟಿಲ್ಲ, ಅರ್ಧ ಜನಕ್ಕೆ ಕೊಟ್ಟಿದ್ದೇ ನೆನಪಿರಲಿಕ್ಕಿಲ್ಲ ಅಂದೆ. ಸಮಾಧಾನ ಆಗಲಿ ಅಂತಲೇ ಹೇಳಿದ್ದು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅವ್ರು ಮರತಿರಬಹುದು. ನಾ ಮರತ್ರ ನಡೀತೈತೇನು?" ಅಂದು ಇಟ್ಟುಬಿಟ್ಟರು.

ಪಟ್ಟಿ ಇತ್ತು. ನನ್ನ ಲ್ಯಾಪ್‌ಟಾಪಿನಲ್ಲಿ, ಎಕ್ಸೆಲ್ ಫೈಲಿನಲ್ಲಿ. 43 ಸಾಲು, ಒಟ್ಟು 2,86,500 ರೂಪಾಯಿ. ದುಡ್ಡು ಬಂದ ತಾರೀಖು, ಗೂಗಲ್ ಪೇನೋ ಬ್ಯಾಂಕೋ, ಎಲ್ಲ ಬರೆದಿಟ್ಟಿದ್ದೆ. ನಾಳೆ ಯಾರಾದರೂ ಲೆಕ್ಕ ಕೇಳಿದರೆ ಬೆರಳು ತೋರಿಸೋ ಹಾಗಿರಬಾರದು ಅನ್ನೋದು ನನ್ನ ಚಿಂತೆ. ಕಾಕಾಗೆ ಅದೇ ಪಟ್ಟಿ ಬೇರೆ ಕಾರಣಕ್ಕೆ ಬೇಕಿತ್ತು. ಆ ಕಾರಣ ನನಗೆ ಅರ್ಥ ಆಗೋಕೆ ಒಂದೂವರೆ ವರ್ಷ ಹಿಡಿಯಿತು. ಪೂರ್ತಿ ಅರ್ಥ ಆಗಿದೆ ಅಂತ ಈಗಲೂ ಹೇಳಲಾರೆ.

ಮೊದಲಿಂದ ಹೇಳ್ತೀನಿ.

ನಮ್ಮೂರು ಮಲಪ್ರಭೆ ದಂಡೆಯ ಮೇಲಿದೆ. ಊರಿನ ಹೆಸರು ಇಲ್ಲಿ ಬೇಡ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಕೂಡಲಸಂಗಮದ ತನಕ ಹೋಗಿ ಕೃಷ್ಣೆ ಸೇರೋ ಹೊಳೆ ಇದು. ಅಣೆಕಟ್ಟಿನ ಕೆಳಗೆ ವರ್ಷದ ಹೆಚ್ಚು ದಿನ ಇದನ್ನ ಹೊಳೆ ಅನ್ನೋಕೆ ಧೈರ್ಯ ಬೇಕು. ಜಾಲಿ ಬೆಳೆದಿರುತ್ತೆ, ಮಧ್ಯದಲ್ಲಿ ಒಂದು ಹರಿವು, ಹುಡುಗರು ಪ್ಯಾಂಟು ಮಡಚಿಕೊಂಡು ದಾಟುತ್ತಾರೆ. ಹೊಳೆ ಹಿಂದೆ ಸರಿದ ಹಾಗೆಲ್ಲ ಎರಡೂ ದಂಡೆಯವರು ಹೊಲವನ್ನ ಒಂದೊಂದು ಮಾರು ಮುಂದಕ್ಕೆ ತಳ್ಳಿಕೊಂಡು ಬಂದಿದ್ದಾರೆ. ನಮ್ಮ ಹೊಲವೂ ಹೋಗಿದೆ. ಇದನ್ನ ಈಗಲೇ ಹೇಳಿಬಿಡ್ತೀನಿ, ಯಾಕಂದ್ರೆ ಪ್ರವಾಹದ ಕಥೆ ಹೇಳುವಾಗ ನಾವೆಲ್ಲ ಪೂರ್ತಿ ನಿರಪರಾಧಿಗಳಾಗಿಬಿಡ್ತೀವಿ.

2019ರ ಆಗಸ್ಟ್ ಎರಡನೇ ವಾರ ಪಶ್ಚಿಮ ಘಟ್ಟದಲ್ಲಿ ಮಳೆ ಹುಚ್ಚು ಹಿಡಿದ ಹಾಗೆ ಸುರಿಯಿತು. ಅಣೆಕಟ್ಟಿನ ಗೇಟು ತೆಗೆದರು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಏರಿದವು. ಪಟ್ಟದಕಲ್ಲಿನ ದೇವಸ್ಥಾನಗಳ ಆವರಣದಲ್ಲಿ ನೀರು ನಿಂತ ಫೋಟೋ ನೀವೂ ನೋಡಿರ್ತೀರಿ. ಯಡಿಯೂರಪ್ಪನವರು ಮುಖ್ಯಮಂತ್ರಿ ಆಗಿ ಎರಡು ವಾರ ಆಗಿತ್ತಷ್ಟೇ, ಮಂತ್ರಿಮಂಡಲ ಇನ್ನೂ ಆಗಿರಲಿಲ್ಲ, ಒಬ್ಬರೇ ಊರೂರು ತಿರುಗುತ್ತಿದ್ದರು. ಬನಶಂಕರಿ ಎರಡನೇ ಹಂತದ ನನ್ನ ಬಾಡಿಗೆ ಮನೆಯಲ್ಲಿ ಕೂತು ನಾನು ಟಿವಿ ನೋಡುತ್ತಿದ್ದೆ. ಇಲ್ಲಿ ತುಂತುರು. ಕೆಳಗಿನ ಬೇಕರಿಯಲ್ಲಿ ಜನ ಟೀ ಕುಡಿಯುತ್ತಿದ್ದರು.

ಕಾಕಾ, ಕಾಕಿ, ನನ್ನ ಅವ್ವ, ಎರಡು ಎಮ್ಮೆ, ಒಂದು ಜೋಡಿ ಎತ್ತು ರಾತ್ರಿ ಎರಡು ಗಂಟೆಗೆ ಊರ ದಿನ್ನೆ ಮೇಲಿನ ಶಾಲೆ ಸೇರಿದರು. ಮೂರು ದಿನ ಅಲ್ಲೇ ಗಂಜಿ ಕೇಂದ್ರ. ನೀರು ಇಳಿದ ಮೇಲೆ ನೋಡಿದರೆ ಮನೆ ನಿಂತಿತ್ತು! ಅವ್ವ ಫೋನ್ ಮಾಡಿ ಅತ್ತಳು, ಖುಷಿಗೆ.

ನಮ್ಮದು ಮಣ್ಣು-ಕಲ್ಲಿನ ಗೋಡೆಯ ಮೇಲ್ಮುದ್ದೆ ಮನೆ. ತೊಲೆ, ಜಂತಿ, ಅದರ ಮೇಲೆ ಮಣ್ಣು ಬಡಿದ ಮಾಳಿಗೆ. ಈ ಥರದ ಮನೆ ನೀರಲ್ಲಿ ಬೀಳೋದಕ್ಕಿಂತ ನೀರು ಹೋದ ಮೇಲೆ ಬೀಳೋದು ಹೆಚ್ಚು. ನೆನೆದ ಗೋಡೆ ಬಿಸಿಲಿಗೆ ಒಣಗುವಾಗ ಬಿರುಕು ಬಿಡುತ್ತೆ, ಒಳಗಿನ ಮಣ್ಣು ಸಡಿಲ ಆಗಿರುತ್ತೆ, ಮೇಲೆ ಮಾಳಿಗೆಯ ಭಾರ. ಸರ್ವೆಗೆ ಬಂದವರು ನಿಂತಿರೋ ಮನೆ ನೋಡಿ 'ಸಿ' ಅಂತ ಬರೆದುಕೊಂಡು ಹೋದರು. ಅವರ ಫಾರಂನಲ್ಲಿ ಎ ಅಂದ್ರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಹಾನಿ, ಬಿ ಅಂದ್ರೆ ಕಾಲಿನಿಂದ ಮುಕ್ಕಾಲು, ಸಿ ಅಂದ್ರೆ ಅದಕ್ಕೂ ಕಡಿಮೆ. 'ಎ'ಗೆ ಸರ್ಕಾರ ಹೇಳಿದ್ದು 5 ಲಕ್ಷ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಪೂರ್ತಿ ಬಿದ್ದ ಮನೆಗೆ ಆಗ ಇದ್ದದ್ದು 95,100 ರೂಪಾಯಿ, ಉಳಿದದ್ದನ್ನ ರಾಜ್ಯ ತಾನೇ ಹಾಕುತ್ತೇನೆ ಅಂದಿತ್ತು. 'ಸಿ'ಗೆ 50 ಸಾವಿರ. ಸರ್ವೆ ಆಗಿ ಹನ್ನೆರಡನೇ ದಿನ, ಮಧ್ಯಾಹ್ನ ಎಲ್ಲರೂ ಹೊಲದಲ್ಲಿದ್ದಾಗ, ಪಡಸಾಲೆಯ ಗೋಡೆ ಕೂತಿತು. ಅದರ ಹಿಂದೆ ಮಾಳಿಗೆ ಬಂತು.

'ಸಿ'ಯನ್ನ 'ಎ' ಮಾಡಿಸೋಕೆ ಕಾಕಾ ನಾಲ್ಕು ತಿಂಗಳು ಓಡಾಡಿದರು. ಅದು ಇನ್ನೊಂದು ಕಥೆ, ನಿಮಗೂ ಗೊತ್ತಿರೋದೇ. ಆದರೆ ಉತಾರ ಅವರ ಹೆಸರಲ್ಲಿತ್ತು. ಓಡಾಡೋಕೆ ಕೈಯಲ್ಲಿ ಒಂದು ಕಾಗದ ಇತ್ತು. ಈ ವಿಷಯಕ್ಕೆ ಮತ್ತೆ ಬರ್ತೀನಿ.

ಗೋಡೆ ಬಿದ್ದ ವಾರ ನಾನು ಊರಿಗೆ ಹೋದೆ. ಕಾಕಾ ಮಣ್ಣು ಎತ್ತಿ ಹಾಕುತ್ತಿದ್ದರು. ಬನಿಯನ್ನು, ತಲೆ ಬರಿದು, ಮೈಯೆಲ್ಲ ಕೆಸರು. ಹಿಂದೆ ಬಿದ್ದ ಗೋಡೆ. ಫೋಟೋ ತೆಗೆದೆ. ರಾತ್ರಿ ಬಸ್ಸಲ್ಲಿ ವಾಪಸ್ ಬರುತ್ತಾ ಇಂಗ್ಲಿಷಿನಲ್ಲಿ ನಾಲ್ಕು ಪ್ಯಾರಾ ಬರೆದೆ. ಅರವತ್ತು ವರ್ಷದ ಮನೆ, ನನ್ನನ್ನ ಓದಿಸಿದ ಕಾಕಾ, ಒಂದೇ ರಾತ್ರಿಯಲ್ಲಿ ಎಲ್ಲ ಹೋಯ್ತು, ಅಂತ. (ಒಂದೇ ರಾತ್ರಿಯಲ್ಲಿ ಹೋಗಿರಲಿಲ್ಲ. ಹನ್ನೆರಡು ದಿನ ಹಿಡಿದಿತ್ತು. ಆದರೆ ಒಂದೇ ರಾತ್ರಿ ಅಂದ್ರೆ ಓದೋರಿಗೆ ಬೇಗ ನಾಟುತ್ತೆ ಅಂತ ಆ ಹೊತ್ತಿಗೂ ನನಗೆ ಗೊತ್ತಿತ್ತು.) ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯೋ ಮುಂಚೆ ಆಫೀಸಿನ ಗ್ರೂಪಿಗೂ ಲಿಂಕ್ಡ್‌ಇನ್‌ಗೂ ಹಾಕಿಬಿಟ್ಟೆ.

ಮೂರು ದಿನದಲ್ಲಿ ಒಂದು ಲಕ್ಷ ತೊಂಬತ್ತು ಸಾವಿರ ಬಂತು. ನನ್ನ ಜೊತೆ ಎರಡು ಮಾತೂ ಆಡದವರು ಐದು ಸಾವಿರ ಹಾಕಿದ್ದರು. ಟೆಸ್ಟಿಂಗ್ ಟೀಮಿನ ಒಬ್ಬಳು, ಆಗಷ್ಟೇ ಕೆಲಸಕ್ಕೆ ಸೇರಿದ್ದವಳು, ಮೊದಲ ಸಂಬಳದಲ್ಲಿ ಎರಡು ಸಾವಿರ. ಬೆಂಗಳೂರನ್ನ ಬೈಯೋದು ಸುಲಭ. ಆ ಆಗಸ್ಟಿನಲ್ಲಿ ಜಯನಗರದ ಬೀದಿಬೀದಿಯಲ್ಲಿ ಕಂಬಳಿ, ಬಿಸ್ಕತ್ತು, ನೀರಿನ ಬಾಟಲಿ ಒಟ್ಟುಮಾಡುತ್ತಿದ್ದರು, ಲಾರಿಗಟ್ಟಲೆ ಹೋಯಿತು. ನಮ್ಮೂರ ಶಾಲೆಗೂ ಮೂಟೆ ಬಂದವು. ಒಂದರಲ್ಲಿ ಕೋಟು, ಟೈ, ಹೈ ಹೀಲ್ಸ್ ಚಪ್ಪಲಿ ಇದ್ದವು ಅಂತ ಅವ್ವ ಈಗಲೂ ನಗ್ತಾಳೆ. ಆದರೆ ಕಂಬಳಿಯೂ ಇದ್ದವು. ಅದೇ ಕಂಬಳಿ ಹೊದ್ದು ಮಲಗಿದರು.

ಎಂಜಿನಿಯರಿಂಗ್ ಓದಿದವನಿಗೆ ತತ್ವಶಾಸ್ತ್ರ ಯಾಕೆ ಅಂತ ಕೇಳಬೇಡಿ, ಆ ದಿನಗಳಲ್ಲಿ ಪೀಟರ್ ಸಿಂಗರ್ ಬರೆದ ಒಂದು ಪ್ರಸಿದ್ಧ ಪ್ರಬಂಧ ಓದಿದೆ. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬರುತ್ತಿದ್ದಾಗ ಬರೆದದ್ದು, ಮರುವರ್ಷ ಅಚ್ಚಾಯಿತು. ಅವನ ವಾದ ಸರಳ. ದಾರಿಯಲ್ಲಿ ಹೋಗುವಾಗ ಒಂದು ಆಳವಿಲ್ಲದ ಹೊಂಡದಲ್ಲಿ ಮಗು ಮುಳುಗ್ತಾ ಇದೆ. ಇಳಿದು ಎತ್ತಿದರೆ ಬಟ್ಟೆ ಕೆಸರಾಗುತ್ತೆ, ಅಷ್ಟೇ. ಎತ್ತೋದಿಲ್ಲ ಅನ್ನೋ ಮನುಷ್ಯ ಯಾರಾದರೂ ಇದ್ದಾನಾ? ಹಾಗಾದರೆ ಮಗು ಹತ್ತು ಗಜ ದೂರ ಇದ್ದರೇನು, ಸಾವಿರಾರು ಮೈಲಿ ದೂರ ಇದ್ದರೇನು? ದೂರ ಅನ್ನೋದು ನೆಪ. ಕೊಡೋದು ದಾನ ಅಲ್ಲ, ಕರ್ತವ್ಯ.

ನನಗೆ ತುಂಬಾ ಹಿಡಿಸಿತು. ನನ್ನ ಆಫೀಸಿನವರು ಮಾಡಿದ್ದು ಅದೇ ಅಲ್ಲವಾ ಅನ್ನಿಸಿತು. ಆದರೆ ಮನೆ ಕಟ್ಟೋ ಕೆಲಸ ಶುರು ಆದಮೇಲೆ ಆ ಹೊಂಡದ ಕಥೆಯಲ್ಲಿ ಏನೋ ಒಂದು ಬಿಟ್ಟುಹೋಗಿದೆ ಅಂತ ಕಾಡೋಕೆ ಶುರುವಾಯಿತು. ಹೊಂಡದಲ್ಲಿರೋದು ಮಗು. ಮಗು ಮಾತಾಡಲ್ಲ. ಎತ್ತಿ ದಂಡೆಗೆ ಹಾಕಿದರೆ ಕಥೆ ಮುಗಿಯಿತು, ನೀವು ಬಟ್ಟೆ ಒರೆಸಿಕೊಂಡು ಆಫೀಸಿಗೆ ಹೋಗಬಹುದು. ನಮ್ಮ ಕಾಕಾ ಮಗು ಅಲ್ಲ. ಅವರನ್ನ ದಂಡೆಗೆ ಎತ್ತಿ ಹಾಕಿದ ಮೇಲೂ ಅವರು ಮಾತಾಡ್ತಾರೆ. ಬಾಗಿಲು ಯಾವ ಕಡೆ ಇರಬೇಕು ಅನ್ನೋದರಲ್ಲಿ ಅವರಿಗೆ ಅಭಿಪ್ರಾಯ ಇದೆ.

ಬಾಗಿಲಿಗಿಂತ ದೊಡ್ಡ ಜಗಳ ದನದ್ದು. ಬಿಟಿಎಂ ಲೇಔಟಿನಲ್ಲಿರೋ ನನ್ನ ಗೆಳೆಯ ಆರ್ಕಿಟೆಕ್ಟ್ ಬಿಟ್ಟಿಯಾಗಿ ಪ್ಲಾನ್ ಹಾಕಿಕೊಟ್ಟಿದ್ದ. ಎರಡು ಬೆಡ್‌ರೂಮು, ಹಾಲು, ಅಡುಗೆಮನೆ, ಒಳಗೇ ಬಚ್ಚಲು. ಚೆನ್ನಾಗಿತ್ತು. ಕಾಕಾ ಕಾಗದವನ್ನ ತಿರುಗಿಸಿ ತಿರುಗಿಸಿ ನೋಡಿ, "ದನಾ ಎಲ್ಲಿ?" ಅಂದರು. ಹಳೇ ಮನೆಯಲ್ಲಿ ತಲಬಾಗಿಲು ದಾಟಿದರೆ ಮೊದಲು ದನ ಕಟ್ಟೋ ಜಾಗ, ಗೋದಲಿ, ಎರಡು ಮೆಟ್ಟಿಲು ಮೇಲೆ ಪಡಸಾಲೆ. ರಾತ್ರಿ ಎಮ್ಮೆ ಕೆಮ್ಮಿದರೂ ಕಾಕಾಗೆ ಎಚ್ಚರ. ದನ ಹಿತ್ತಲಿಗೆ ಹಾಕೋಣ ಅಂದೆ. "ಹಿತ್ತಲ ಹೊಳಿ ಕಡೆ ಐತಿ. ಮತ್ತ ನೀರು ಬಂದ್ರ ಮೊದಲ ಅವು ಹೋಗ್ತಾವು" ಅಂದರು.

ಆಗ ನಾನೊಂದು ಮಾತು ಆಡಿದೆ. ಈಗ ಬರೆಯೋಕೂ ನಾಚಿಕೆ ಆಗುತ್ತೆ. "ದುಡ್ಡು ಕೊಟ್ಟೋರು ಮನಿ ಫೋಟೋ ಕೇಳ್ತಾರ ಕಾಕಾ. ಒಳಗ ದನ ಕಟ್ಟಿದ್ದು ನೋಡಿದ್ರ ಏನ್ ಅನ್ಕೊಂಡಾರು?"

ಕಾಕಾ ಏನೂ ಅನ್ನಲಿಲ್ಲ. ಕಾಗದ ಮಡಚಿ ಕೊಟ್ಟರು. ಕಾಕಿ ಅಡುಗೆ ಮಾಡುತ್ತಿದ್ದ ತಗಡಿನ ಶೆಡ್ಡಿನಿಂದ, "ಆ ಫೋಟೋದಾಗ ಇವ್ರ ತಲಿ ಬೋಳ ಇತ್ತು. ಟೋಪಿ ಹಾಕ್ಕೋ ಅಂತ ಒಂದ್ ಮಾತು ಅನಬಾರದಿತ್ತೇನಪಾ?" ಅಂದಳು. ಊರಿನ ಯಾರೋ ಹುಡುಗನ ಮೊಬೈಲಿಗೆ ಆ ಫೋಟೋ ಬಂದು, ಆರು ತಿಂಗಳ ಹಿಂದೆಯೇ ಅವರು ನೋಡಿದ್ದರು. ಬಿಳಿ ಟೋಪಿ ಇಲ್ಲದೆ ನಮ್ಮ ಕಾಕಾ ಸಂತೆಗೂ ಹೋದವರಲ್ಲ. ಆರು ತಿಂಗಳು ನನಗೆ ಅದನ್ನ ಹೇಳಿರಲಿಲ್ಲ. ಹೇಳೋದು ಹೇಗೆ? ದುಡ್ಡು ತಂದವನು ನಾನು.

ಇಲ್ಲಿ 2009ರ ನೆನಪು ಮಾಡಿಕೊಳ್ಳಬೇಕು. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಬಂದ ನೆರೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗಲೂ ಯಡಿಯೂರಪ್ಪನವರೇ ಮುಖ್ಯಮಂತ್ರಿ, ಬೆಂಗಳೂರಿನ ಬೀದಿಗಳಲ್ಲಿ ನಡೆದು ದೇಣಿಗೆ ಎತ್ತಿದರು. 'ಆಸರೆ' ಅನ್ನೋ ಯೋಜನೆ ಬಂತು. ಸರ್ಕಾರ ಜಾಗ ಕೊಡೋದು, ಕಂಪನಿಗಳು, ಮಠಗಳು, ಸಂಘ ಸಂಸ್ಥೆಗಳು ಕೈ ಜೋಡಿಸಿ ಮನೆ ಕಟ್ಟೋದು. ಹೊಳೆಯಿಂದ ದೂರ, ಎತ್ತರದಲ್ಲಿ ಸಾಲು ಸಾಲು ಮನೆ ಎದ್ದವು. ಒಳ್ಳೇ ಕೆಲಸ, ಅದರಲ್ಲಿ ಅನುಮಾನ ಇಲ್ಲ. ಆದರೆ ನೀವು ಆ ಕಡೆ ಬಸ್ಸಲ್ಲಿ ಹೋದರೆ ಕಿಟಕಿಯಿಂದಲೇ ಕಾಣುತ್ತೆ, ಎಷ್ಟೋ ಕಡೆ ಆ ಮನೆಗಳು ಬೀಗ ಹಾಕಿಕೊಂಡಿವೆ, ಸುತ್ತ ಜಾಲಿ ಬೆಳೆದಿದೆ. ಜನ ಹಳೇ ಊರಲ್ಲೇ ಇದ್ದಾರೆ. 2019ರಲ್ಲಿ ಮತ್ತೆ ಅದೇ ಹಳೇ ಊರು ಮುಳುಗಿತು. "ಮನೆ ಕಟ್ಟಿಕೊಟ್ಟರೂ ಹೋಗಲ್ಲ, ಇವರಿಗೆ ಬುದ್ಧಿ ಇಲ್ಲ" ಅಂತ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬರು ಅಂದಾಗ ನಾನೂ ತಲೆ ಆಡಿಸಿದ್ದೆ. ಆ ಮನೆಯಲ್ಲಿ ದನ ಕಟ್ಟೋಕೆ ಜಾಗ ಇಲ್ಲ, ಜೋಳದ ಚೀಲ ಇಡೋಕೆ ಜಾಗ ಇಲ್ಲ, ಮೂರು ಮಂದಿ ಅಣ್ಣತಮ್ಮಂದಿರು ಒಂದೇ ಒಲೆ ಇಟ್ಟುಕೊಂಡು ಬದುಕೋಕೆ ಜಾಗ ಇಲ್ಲ, ಹೊಲ ಎಷ್ಟೋ ದೂರ. ಕಟ್ಟೋ ಮೊದಲು ಯಾರಾದರೂ "ದನಾ ಎಲ್ಲಿ?" ಅಂತ ಕೇಳಿಸಿಕೊಂಡಿದ್ದರೆ ಅಷ್ಟರಲ್ಲಿ ಒಂದಷ್ಟಾದರೂ ಬಗೆಹರಿಯುತ್ತಿತ್ತು. ಅದೇ ತಪ್ಪನ್ನ ನನ್ನ ಸ್ವಂತ ಕಾಕಾನ ಮನೆಯಲ್ಲಿ ನಾನು ಮಾಡುತ್ತಿದ್ದೆ. ಅದೂ ಅದೇ ಮನೆಯ ಗೋದಲಿ ಪಕ್ಕ ಕೂತು ಎಸ್ಸೆಸ್ಸೆಲ್ಸಿಗೆ ಓದಿದವನು.

ಕೊನೆಗೆ ದನ ಒಳಗೇ ಬಂದವು. ಒಂದು ಬೆಡ್‌ರೂಮು ಹೋಯಿತು.

ಮುಂದಿನದ್ದು ಹಳೇ ಮನೆಯ ಕಟ್ಟಿಗೆ ವಿಷಯ. ಬಿದ್ದ ಮಾಳಿಗೆಯ ತೊಲೆಗಳಲ್ಲಿ ಐದು ಸಾಗವಾನಿ, ಗಟ್ಟಿಯಾಗಿದ್ದವು. ಮಾರಿದರೆ ನಲವತ್ತು ಸಾವಿರ ಬರುತ್ತೆ ಅಂತ ಗವಂಡಿ ಹೇಳಿದ್ದ. ನಾನು ಅದನ್ನ ಎಕ್ಸೆಲ್‌ನಲ್ಲಿ ಆದಾಯದ ಕಾಲಂನಲ್ಲಿ ಬರೆದೂ ಆಗಿತ್ತು. ಸರ್ಕಾರದ ದುಡ್ಡು ಒಮ್ಮೆಗೇ ಬರಲ್ಲ. ತಳಪಾಯ ಆದಮೇಲೆ ಒಂದು ಕಂತು, ಗೋಡೆ ಎದ್ದಮೇಲೆ ಒಂದು, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಜಾಗದ ಗುರುತಿನ ಸಮೇತ ಫೋಟೋ ಹೊಡೆದು ಏರಿಸಬೇಕು. ಮಧ್ಯೆ 2020ರ ಲಾಕ್‌ಡೌನ್ ಬಂತು. ಸಿಮೆಂಟು ಇಲ್ಲ, ಉಸುಕು ಇಲ್ಲ, ಗವಂಡಿ ಊರಿಗೆ ಹೋದ. ಹಾಗಾಗಿ ಆ ನಲವತ್ತು ಸಾವಿರ ನಮಗೆ ನಿಜಕ್ಕೂ ಬೇಕಿತ್ತು.

ಕಾಕಾ ಆ ಐದು ತೊಲೆಗಳನ್ನ ಹೊಳೆ ಕಡೆ ಓಣಿಯ ಒಬ್ಬ ಹೆಂಗಸಿಗೆ ಕೊಟ್ಟುಬಿಟ್ಟಿದ್ದರು.

ಅವಳ ಗುಡಿಸಲು ಮೊದಲ ರಾತ್ರಿಯೇ ಹೋಗಿತ್ತು. ಗಂಡ ಇಲ್ಲ, ಮಗ ಗೋವಾದಲ್ಲಿ ಗಾರೆ ಕೆಲಸ. ತುರ್ತು ಪರಿಹಾರದ ಹತ್ತು ಸಾವಿರ ಸಿಕ್ಕಿದ್ದಷ್ಟೇ. ಮನೆಯ ಪರಿಹಾರ ಸಿಗಲಿಲ್ಲ, ಯಾಕಂದ್ರೆ ಮೂವತ್ತು ವರ್ಷದಿಂದ ಅವಳು ಇದ್ದ ಜಾಗಕ್ಕೆ ಉತಾರ ಇಲ್ಲ. 'ಸಿ'ಯನ್ನ 'ಎ' ಮಾಡಿಸೋಕೆ ಓಡಾಡಬೇಕು ಅಂದ್ರೂ ಮೊದಲು 'ಸಿ' ಆದರೂ ಇರಬೇಕಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಫೋಟೋ ತೆಗೆಯೋಕೆ ಹೋದ ದಿನವೇ ಅವಳು ಎದುರು ಸಿಕ್ಕು, "ಯಪ್ಪಾ, ನಮಗೂ ಏನರ ನೋಡಪಾ" ಅಂದಿದ್ದಳು. ನೋಡ್ತೀನಿ ಯಕ್ಕಾ ಅಂದಿದ್ದೆ. ನೋಡಲಿಲ್ಲ. ಆಫೀಸಿನಲ್ಲಿ ಎರಡನೇ ಸಲ ಕೈ ಚಾಚಿದರೆ ಜನ ನನ್ನನ್ನ ನೋಡೋ ರೀತಿ ಬದಲಾಗುತ್ತೆ ಅನ್ನೋ ಭಯ ಒಂದು. ನನ್ನ ಹೆಸರಿನ ಮೇಲೆ ಇಷ್ಟೇ ಕೇಳಬಹುದು, ಆ ಪಾಲು ಕಾಕಾಗೆ ಖರ್ಚಾಗಿದೆ, ಅನ್ನೋ ಲೆಕ್ಕ ಇನ್ನೊಂದು. ಅಂದ್ರೆ ಇಡೀ ಊರಲ್ಲಿ ಬಿದ್ದ ಮನೆಗಳಲ್ಲಿ ಯಾವುದು ಮೊದಲು ಏಳಬೇಕು ಅನ್ನೋದನ್ನ ತೀರ್ಮಾನ ಮಾಡಿದ್ದು ಹಾನಿಯ ಪ್ರಮಾಣ ಅಲ್ಲ. ಯಾರ ಮನೆಯ ಹುಡುಗ ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದಾನೆ ಅನ್ನೋದು. ದೂರ ಅನ್ನೋದು ನೆಪ ಅಂದ ಸಿಂಗರ್ ಇದನ್ನ ಕೇಳಿದ್ದರೆ ನನ್ನ ಕಿವಿ ಹಿಂಡುತ್ತಿದ್ದ. ಅವಳ ಗುಡಿಸಲು ನಮ್ಮ ಮನೆಯಿಂದ ಇನ್ನೂರು ಹೆಜ್ಜೆ.

ಆದರೂ ತೊಲೆ ಕೊಟ್ಟ ಸುದ್ದಿ ಕೇಳಿ ನನಗೆ ಸಿಟ್ಟು ಬಂತು. ಕೂಗಾಡಿದೆ. ನಾನು ಇಲ್ಲಿ ಜನರ ಮುಂದೆ ಕೈ ಚಾಚಿ ತಂದಿದ್ದೀನಿ, ನೀವು ಅಲ್ಲಿ ಹಂಚಿಕೊಂಡು ಕೂತಿದ್ದೀರಾ ಅಂತ. ಕಾಕಾ ತಣ್ಣಗೆ ಹೇಳಿದರು. ಆ ಮಾಳಿಗೆ ಏರಿಸುವಾಗ ಅವಳ ಗಂಡ ಎಂಟು ದಿನ ಬಂದು ದುಡಿದಿದ್ದ. ಮುಯ್ಯಾಳು ಲೆಕ್ಕದಲ್ಲಿ ಬಂದದ್ದು. "ಅಂವಾ ಹೋಗೇಬಿಟ್ಟ. ಮುಯ್ಯಿ ಹಂಗ ಉಳದಿತ್ತು."

ಮುಯ್ಯಾಳು ಅಂದ್ರೆ ಸಿಟಿಯಲ್ಲೇ ಹುಟ್ಟಿದವರಿಗೆ ಹೇಳಬೇಕು. ಇವತ್ತು ನಿಮ್ಮ ಹೊಲಕ್ಕೆ ನಾವು ಬಂದು ದುಡೀತೀವಿ, ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ಕೂಲಿ ಇಲ್ಲ. ಮದುವೆಯಲ್ಲೂ ಹಾಗೇ, ಯಾರು ಏನು ಮುಯ್ಯಿ ಮಾಡಿದರು ಅಂತ ಒಬ್ಬ ನೋಟ್‌ಬುಕ್ ಹಿಡಿದು ಬರೆದುಕೊಳ್ತಾ ಕೂತಿರ್ತಾನೆ. ಸಣ್ಣವನಿದ್ದಾಗ ನನಗೆ ಅದು ಜಿಪುಣತನ ಅನ್ನಿಸುತ್ತಿತ್ತು. ಕೊಟ್ಟದ್ದನ್ನ ಬರೆದಿಡೋದಾ? ಈಗ ನೋಡಿದರೆ ಆ ನೋಟ್‌ಬುಕ್ಕಿನಲ್ಲಿ ಹೆಸರಿರೋ ಇಬ್ಬರೂ ಒಂದೇ ಮಟ್ಟದಲ್ಲಿ ನಿಂತಿರ್ತಾರೆ. ಇವತ್ತು ತಗೊಂಡವನು ನಾಳೆ ಕೊಡ್ತಾನೆ ಅಂತ ಊರು ಒಪ್ಪಿಕೊಂಡಿದೆ. ಫ್ರಾನ್ಸಿನ ಮಾರ್ಸೆಲ್ ಮೋಸ್ ಅನ್ನೋ ವಿದ್ವಾಂಸ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದದ್ದೂ ಸುಮಾರಾಗಿ ಇದನ್ನೇ, ಕೊಟ್ಟದ್ದು ತನ್ನ ಹಿಂದೆ ವಾಪಸ್ ಕೊಡೋ ಋಣವನ್ನೂ ತರುತ್ತೆ ಅಂತ. ನಮ್ಮ ಕಾಕಾ ಅವನನ್ನ ಓದಿಲ್ಲ.

ಹಳ್ಳಿಯನ್ನ ಹೊಗಳೋಕೆ ಇದನ್ನೆಲ್ಲ ಹೇಳ್ತಿಲ್ಲ. ಆ ಹೆಂಗಸಿನ ಗಂಡ ನಮ್ಮ ಮಾಳಿಗೆಗೆ ಎಂಟು ದಿನ ಬಂದ. ಅವನ ಗುಡಿಸಲಿಗೆ ನಮ್ಮ ಮನೆಯಿಂದ ಯಾರಾದರೂ ಒಂದು ದಿನ ಹೋಗಿದ್ದರಾ? ಇಲ್ಲ. ಆ ಓಣಿಗೆ ನಮ್ಮವರು ಹೋಗುತ್ತಿರಲಿಲ್ಲ. ಅವನು ಬಂದದ್ದು ಮುಯ್ಯಿ ಅಂತ ಕಾಕಾ ಈಗ ಕರೀತಾರೆ, ಆಗ ಅದಕ್ಕೆ ಬೇರೆ ಹೆಸರಿದ್ದಿರಬಹುದು, ಬಿಟ್ಟಿ ಅಂತ. ಮೂವತ್ತು ವರ್ಷ ಆ ಲೆಕ್ಕ ಯಾರಿಗೂ ನೆನಪಾಗಲಿಲ್ಲ. ನಾವು ಕೂಡ ತಗೊಳ್ಳೋ ಜಾಗದಲ್ಲಿ ನಿಂತ ಮೇಲೆ ನೆನಪಾಯಿತು. ಕಾಕಾಗೆ ಇದನ್ನ ಹೇಳಿದೆ. "ಇರಬಹುದು" ಅಂದರು. ತೊಲೆ ವಾಪಸ್ ಬರಲಿಲ್ಲ. ಆ ಐದು ತೊಲೆ ಮೇಲೆ ಅವಳ ಮಗ ತಗಡು ಹೊದಿಸಿದ.

ಆ ವರ್ಷ ಅಕ್ಟೋಬರ್ 23ರ ಸಂಜೆ ಬೆಂಗಳೂರಿಗೂ ನೀರು ಬಂತು. ಬನಶಂಕರಿಗೆ ಅಂಟಿಕೊಂಡೇ ಇರೋ ಹೊಸಕೆರೆಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ ದತ್ತಾತ್ರೇಯ ನಗರದ ಮನೆಗಳಿಗೆ ನುಗ್ಗಿತು. ಕಾರುಗಳು ತೇಲಿಕೊಂಡು ಹೋಗೋ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಮರುದಿನ ಮುಖ್ಯಮಂತ್ರಿ ಬಂದು ನೀರು ನುಗ್ಗಿದ ಮನೆಗಳಿಗೆ 25 ಸಾವಿರ ಘೋಷಿಸಿದರು. ನಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕ ಇರೋದು ಆ ಕಡೆಯೇ. ಎರಡು ದಿನ ಬರಲಿಲ್ಲ. ಮೂರನೇ ದಿನ ಬಾಗಿಲಲ್ಲಿ ನಿಂತಾಗ ನಾನು ಪರ್ಸ್ ತೆಗೆದುಕೊಂಡೇ ಹೋಗಿದ್ದೆ. ಅವಳು ಕೇಳಿದ್ದು ಬೇರೆ.

"ಸರ್, ಎರಡು ದಿನ ನಿಮ್ಮ ವಾಷಿಂಗ್ ಮೆಷಿನ್ ಕೊಡ್ತೀರಾ? ಬಟ್ಟೆಯೆಲ್ಲ ಮೋರಿ ನೀರಲ್ಲಿ ನೆಂದೋಗವೆ. ಕೈಲಿ ಒಗೆದ್ರೆ ವಾಸ್ನೆ ಹೋಗ್ತಿಲ್ಲ."

ಒಂದು ವರ್ಷದ ಹಿಂದೆ ಆಗಿದ್ದರೆ ದುಡ್ಡನ್ನೇ ಕೊಟ್ಟು ಕಳಿಸುತ್ತಿದ್ದೆನೇನೋ. ಮೆಷಿನ್‌ನಲ್ಲಿ ಮೋರಿ ನೀರಿನ ಬಟ್ಟೆಯಾ ಅಂತ ಒಂದು ಕ್ಷಣ ಮನಸ್ಸಿಗೆ ಬಂತು, ಸುಳ್ಳು ಹೇಳಲ್ಲ. ನನ್ನ ಹೆಂಡತಿ ಅಷ್ಟರಲ್ಲಿ ಬಾಗಿಲು ಪೂರ್ತಿ ತೆಗೆದಿದ್ದಳು. ಎರಡು ದಿನದಲ್ಲಿ ಹನ್ನೊಂದು ಲೋಡು. ಅವಳು ಒಂದಷ್ಟು ದುಡ್ಡೂ ತಗೊಂಡಳು, ಸಂಬಳದಲ್ಲಿ ಹಿಡ್ಕೊಳ್ಳಿ ಅಂತ ಹೇಳಿಯೇ. ದೀಪಾವಳಿಗೆ ಒಂದು ಡಬ್ಬಿ ಕಜ್ಜಾಯ ತಂದಳು. ಮೊದಲೆಲ್ಲ ಹೀಗೆ ಏನಾದರೂ ತಂದರೆ "ಅಯ್ಯೋ ಯಾಕಕ್ಕ ಇದೆಲ್ಲ, ನೀವೇ ಇಟ್ಕೊಳ್ಳಿ" ಅನ್ನುತ್ತಿದ್ದೆ. ದೊಡ್ಡತನ ಅಂದುಕೊಂಡಿದ್ದೆ ಅದನ್ನ. ಅವತ್ತು ಬಾಯಿ ಮುಚ್ಚಿಕೊಂಡು ತಗೊಂಡೆ, ಎದುರಿಗೇ ಒಂದು ತಿಂದೆ.

ಅವತ್ತು ರಾತ್ರಿ ಎಕ್ಸೆಲ್ ಫೈಲ್ ತೆಗೆದು ಕಾಕಾಗೆ 43 ಹೆಸರನ್ನೂ ಕನ್ನಡದಲ್ಲಿ ಬರೆದೆ. ಮೊತ್ತ ಹಾಕಲಾ ಬೇಡವಾ ಅಂತ ಹತ್ತು ನಿಮಿಷ ಯೋಚಿಸಿದೆ. ಹಾಕಿದೆ. 27ನೇ ಸಾಲಿನಲ್ಲಿ ಮಾತ್ರ ಹೆಸರಿಲ್ಲ. ಯಾರೋ ಒಬ್ಬರು ಐದು ಸಾವಿರದ ನೋಟುಗಳನ್ನ ಕವರಿನಲ್ಲಿಟ್ಟು ನನ್ನ ಡೆಸ್ಕಿನ ಮೇಲೆ ಇಟ್ಟು ಹೋಗಿದ್ದರು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ಲ, ಆ ಥರದವರು. ಆಗ ನನಗೆ ಆ 43 ಜನರಲ್ಲಿ ಅವರೇ ಎಲ್ಲರಿಗಿಂತ ದೊಡ್ಡವರು ಅನ್ನಿಸಿತ್ತು.

2021ರ ಫೆಬ್ರವರಿಯಲ್ಲಿ ಕಾಕಾ, ಕಾಕಿ ಬೆಂಗಳೂರಿಗೆ ಬಂದರು. ಎರಡು ದೊಡ್ಡ ಚೀಲ. ಒಳಗೆ 43 ಗಂಟು. ಒಂದೊಂದು ಗಂಟಿನಲ್ಲಿ ಹತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ. ನಾನೂರಮೂವತ್ತು ರೊಟ್ಟಿಯನ್ನ ಕಾಕಿ, ಅವ್ವ ಇಬ್ಬರೇ ಬಡಿದರಾ ಅಂದೆ. ಇಲ್ಲ, ಹೊಳೆ ಕಡೆ ಓಣಿಯ ಆ ಹೆಂಗಸೂ ಹೊಸ ಮನೆಗೆ ಬಂದು ಎರಡು ದಿನ ಕೂತು ಬಡಿದಳಂತೆ. ಅವಳು ಬಡಿದ ರೊಟ್ಟಿ ನಮ್ಮ ಮನೆಯ ಅಡುಗೆಮನೆಯಲ್ಲಿ, ಅಂದ್ರೆ ಅದೇನು ಸಣ್ಣ ಮಾತಲ್ಲ. ಕಾಕಿ ಅದನ್ನ ಏನೂ ಆಗದವಳ ಹಾಗೆ ಹೇಳಿದಳು. ನಾನೂ ಏನೂ ಆಗದವನ ಹಾಗೆ ಕೇಳಿಸಿಕೊಂಡೆ.

ಆಫೀಸು ಇನ್ನೂ ತೆರೆದಿರಲಿಲ್ಲ, ಎಲ್ಲರಿಗೂ ವರ್ಕ್ ಫ್ರಮ್ ಹೋಮ್. ಹಾಗಾಗಿ ಮನೆಮನೆಗೇ ಹೋಗಬೇಕಾಯಿತು. ಶನಿವಾರ, ಭಾನುವಾರ ಎರಡು ದಿನ, ಒಂದು ಆಟೋ ಗೊತ್ತುಮಾಡಿಕೊಂಡು. ಜಯನಗರ ನಾಲ್ಕನೇ ಬ್ಲಾಕು, ಜೆಪಿ ನಗರ, ಬಿಟಿಎಂ, ಅರಕೆರೆ. ಊರಿಗೆ ಹೋದವರದ್ದು ಕೊರಿಯರ್ ಮಾಡಿದೆ. ಕಾಕಾ ಎಲ್ಲ ಕಡೆಯೂ ಟೋಪಿ ಸರಿಮಾಡಿಕೊಂಡು, ಮಾಸ್ಕು ಇಳಿಸಿ ಮುಖ ತೋರಿಸಿ, ಕೈ ಮುಗಿದು, ಗಂಟು ಕೊಡುತ್ತಿದ್ದರು. "ಮನಿ ಆಗೈತ್ರಿ. ಒಮ್ಮೆ ಬರ್ರಿ" ಅಷ್ಟೇ ಮಾತು. ಕೆಲವರಿಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ. ನನ್ನ ಮ್ಯಾನೇಜರ್, ಹತ್ತು ಸಾವಿರ ಕೊಟ್ಟವರು, ಮುಜುಗರದಿಂದ ಕೆಂಪಗಾಗಿ, "ಇದೆಲ್ಲ ಯಾಕೆ ಅಂಕಲ್, ಪ್ಲೀಸ್" ಅಂತ ಗಂಟನ್ನ ವಾಪಸ್ ಕಾಕಾ ಕೈಗೆ ಇಡೋಕೆ ಬಂದರು. ನಾನು ಅವರ ಕಿವಿಯಲ್ಲಿ, ತಗೊಳ್ಳಿ ಸರ್, ದಯವಿಟ್ಟು ತಗೊಳ್ಳಿ ಅಂದೆ. ನನ್ನ ಮುಖ ನೋಡಿ ತಗೊಂಡರು. ಟೆಸ್ಟಿಂಗ್ ಟೀಮಿನ ಹುಡುಗಿ ಅರಕೆರೆಯ ಪಿಜಿಯ ಗೇಟಿನಲ್ಲೇ ಗಂಟು ಬಿಚ್ಚಿ ಒಂದು ರೊಟ್ಟಿ ಮುರಿದು ತಿಂದಳು. ಕಾಕಾ ಎರಡು ದಿನದಲ್ಲಿ ಮೊದಲ ಸಲ ನಕ್ಕರು. ಅವಳು ಕಳೆದ ವರ್ಷ ತನ್ನ ಅಪ್ಪ ಅಮ್ಮನ್ನ ಕರೆದುಕೊಂಡು ಬಾದಾಮಿ, ಐಹೊಳೆ ನೋಡೋಕೆ ಹೋದಾಗ ನಮ್ಮ ಮನೆಯಲ್ಲಿ ಒಂದು ರಾತ್ರಿ ಇದ್ದಳು. ಎಮ್ಮೆ ವಾಸನೆಗೆ ಅವರಮ್ಮನಿಗೆ ನಿದ್ದೆ ಬರಲಿಲ್ಲವಂತೆ.

ಭಾನುವಾರ ಸಂಜೆ ಒಂದು ಗಂಟು ಉಳಿಯಿತು. 27ನೇ ಸಾಲಿನದು. ಯಾರು ಅಂತ ಗೊತ್ತಿಲ್ಲ ಕಾಕಾ, ಹೆಸರು ಹೇಳದೆ ಕೊಟ್ಟಿದ್ದಾರೆ, ಅದು ಅವರ ದೊಡ್ಡ ಗುಣ, ನಾವೇ ತಿನ್ನೋಣ ಅಂದೆ. ಕಾಕಾಗೆ ಅದು ದೊಡ್ಡ ಗುಣ ಅನ್ನಿಸಲಿಲ್ಲ. "ನಾವು ತಿಂದ್ರ ಅವ್ರಿಗೆ ಮುಟ್ಟಿದಂಗ ಹೆಂಗಾಗತೈತಿ?" ಅಂತ ಗಂಟನ್ನ ಫ್ರಿಜ್ಜಿನ ಮೇಲೆ ಇಟ್ಟರು. ನಾನು ಆಫೀಸಿನ ಗ್ರೂಪಿನಲ್ಲಿ ಎರಡು ಸಲ ಕೇಳಿದೆ. ಯಾರೂ ನಾನು ಅನ್ನಲಿಲ್ಲ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಜೂನ್ ಹೊತ್ತಿಗೆ ಹುಳ ಬಂತು. ಕಾಕಾಗೆ ಹೇಳಲಿಲ್ಲ.

ಪ್ರತಿ ವರ್ಷ ಆಗಸ್ಟಿನಲ್ಲಿ, ಹೊಳೆ ಎಷ್ಟು ಬಂದಿದೆ ಅಂತ ನಾನು ಫೋನ್ ಮಾಡಿದಾಗ, ಆ ಕಡೆಯಿಂದ ಮೊದಲ ಪ್ರಶ್ನೆ ಅದೇ ಇರುತ್ತೆ.

"ಆ ಐದು ಸಾವಿರದವ್ರು ಸಿಕ್ಕರೇನು?"